ಅಂಜಿನಕ್ಕನ ಒಂಬತ್ತು ರಾತ್ರಿಯ ನಿದ್ದೆ

ಇದನ್ನು ಹೇಳಬೇಕಾದವರು ಡಾಕ್ಟರು. ಇಲ್ಲವೆ, ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ ಆ ತಾಯಿ ಮಗಳು. ಅವರು ಯಾರೂ ಹೇಳಲಿಲ್ಲ. ವೈದ್ಯಕೀಯ ಓದದ, ಹಗಲು ಕಾಲೇಜಿನ ಬೆಂಚಿನ ಮೇಲೆ ಕೂರದ ಬಾಯಿ ಇದನ್ನು ಹೇಳಲು ಹೊರಟಿರುವುದು ಅಧಿಕಪ್ರಸಂಗ ಅನ್ನಿಸಿದರೆ ಕ್ಷಮೆ ಇರಲಿ. ಯಂತ್ರದ ವಿಚಾರದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು. ಮನುಷ್ಯರ ವಿಚಾರದಲ್ಲಿ ತಪ್ಪಿದ್ದರೆ ಅದನ್ನು ತಿದ್ದುವವರು ಯಾರೋ ತಿಳಿಯದು.

ಎರಡು ಸಾವಿರದ ನಾಲ್ಕನೆಯ ಇಸವಿಯ ಚಳಿಗಾಲ. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹತ್ತು ಮಂಚಗಳ ಒಂದು ನರ್ಸಿಂಗ್ ಹೋಮ್ ಇತ್ತು. ಎಲುಬಿನ ಡಾಕ್ಟರ್ ಶಿವಶಂಕರ ಅದರ ಯಜಮಾನರು. ಮೌನೇಶ ಅಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವವನು. ಕೋಗಳಿಯ ಬಡಿಗೇರ ಮನೆತನದವನು. ಹಗಲು ಅಪ್ಪನ ಜೊತೆ ಬಾಗಿಲು ಚೌಕಟ್ಟು ಕೆತ್ತಿ, ಸಂಜೆ ತರಗತಿಯಲ್ಲಿ ಕೂತು ಎರಡನೆಯ ಸಲಕ್ಕೆ ಪಿಯುಸಿ ಪಾಸಾದವನು. ಸಂಜೆ ಕಲಿತ ಅಕ್ಷರ ಹಗಲು ಕಲಿತದ್ದಕ್ಕಿಂತ ಒಂದು ಗುಲಗಂಜಿಯಷ್ಟು ಕಡಿಮೆಯೇ ತೂಗುತ್ತದೆ ಎಂಬ ಅಳುಕು ಅವನಿಗೆ ಮೂವತ್ನಾಲ್ಕು ತುಂಬಿದರೂ ಹೋಗಿರಲಿಲ್ಲ. ಕಟ್ಟಿದ ಪಟ್ಟಿಯನ್ನು ಮೂರು ಸಲ ಮುಟ್ಟಿ ನೋಡುತ್ತಿದ್ದ. ಮನೆಗೆ ಹೊರಟವನು ಅರ್ಧ ದಾರಿಯಿಂದ ಸೈಕಲ್ ತಿರುಗಿಸಿ, ಸೂಜಿ ಕುದಿಸುವ ಒಲೆ ಆರಿಸಿದ್ದೇನೋ ಇಲ್ಲವೋ ಎಂದು ನೋಡಲು ಬರುತ್ತಿದ್ದ.

“ಲೇ ಮೌನೇಶ, ನಿನ್ನ ನಂಬಬೌದು ನೋಡು. ಯಾಕಂದ್ರ ನಿನಗ ನಿನ್ನ ಮ್ಯಾಲ ನಂಬಿಕಿ ಇಲ್ಲ,” ಎಂದು ಡಾಕ್ಟರು ನಗುತ್ತಿದ್ದರು.

ಆ ನಂಬಿಕೆಯಿಂದಲೇ ಹೊಸ ಯಂತ್ರವನ್ನು ಅವನ ಕೈಗೆ ಕೊಟ್ಟಿದ್ದರು. ಅಂಗೈಯಗಲದ ಒಂದು ಡಬ್ಬಿ, ಒಳಗೆ ಬ್ಯಾಟರಿ, ಮೇಲೊಂದು ಹಸಿರು ದೀಪ. ಡಬ್ಬಿಯಿಂದ ಹೊರಟ ಎರಡು ವೈರುಗಳ ತುದಿಗೆ ಅಂಟುವ ಎರಡು ಚೌಕದ ಪ್ಯಾಡುಗಳು. ಸೊಂಟನೋವಿಗೆಂದು ಮಾಡಿದ ಯಂತ್ರ. ಎಡಗೈ ಮಣಿಕಟ್ಟಿನಿಂದ ಎರಡು ಬೆರಳು ಮೇಲೆ, ಒಳಮೈಗೆ ಅಂಟಿಸಿ ಅರ್ಧ ಗಂಟೆ ನರವನ್ನು ಮೆಲ್ಲಗೆ ತಟ್ಟುತ್ತ ಹೋದರೆ ಆಪರೇಷನ್ ಆದ ಮುದುಕರಿಗೆ ನಿದ್ದೆ ಬರಬಹುದೆಂದು ಡಾಕ್ಟರು ಎಲ್ಲೋ ಓದಿದ್ದರು. ಪ್ಯಾಡು ಕಿತ್ತುಬಂದರೆ ಡಬ್ಬಿ ‘ಕೀಂ’ ಎನ್ನುತ್ತಿತ್ತು.

“ಮುರಿದ ಎಲುಬು ನನ್ನ ಮಾತು ಕೇಳ್ತತಿ, ಮುದುಕ್ರ ನಿದ್ದಿ ಕೇಳಂಗಿಲ್ಲ,” ಎನ್ನುವುದು ಅವರ ಕೊರಗು. ನಿದ್ದೆ ಗುಳಿಗೆ ನುಂಗಿದ ಒಬ್ಬ ಮುದುಕ ಹಿಂದಿನ ವರ್ಷ ಮಂಪರಿನಲ್ಲಿ ಎದ್ದು ಬಿದ್ದು, ಕೂಡಿಸಿದ ಎಲುಬನ್ನೇ ಮತ್ತೆ ಮುರಿದುಕೊಂಡಿದ್ದ. ಅಂದಿನಿಂದ ಅವರಿಗೆ ಗುಳಿಗೆ ಕಂಡರಾಗದು.

ಯಂತ್ರದ ಜೊತೆಗೆ ಒಂದು ಪುಸ್ತಕ. ತಾರೀಖು, ಎಷ್ಟು ನಿಮಿಷ, ಎಷ್ಟು ತಾಸು ನಿದ್ದೆ. ಕೊನೆಯ ಕಾಲಮ್ಮಿನಲ್ಲಿ ‘ಪಕ್ಕದಲ್ಲಿ ಕೂತವರ ಸಹಿ.’ ಅದು ಮೌನೇಶನದು.

ಕೂಡ್ಲಿಗಿ ಕಡೆಯ ಹೊಸಹಳ್ಳಿಯಿಂದ ಬಂದ ಅಂಜಿನಕ್ಕನಿಗೆ ಎಪ್ಪತ್ನಾಲ್ಕು. ಕಾಲು ತೊಳೆದು ಒಳಗೆ ಬರುವಾಗ ಹೊಸ್ತಿಲ ಹತ್ತಿರ ಜಾರಿ ತೊಡೆಸಂದಿನ ಎಲುಬು ಮುರಿದಿತ್ತು. ಆಪರೇಷನ್ ಸರಾಗವಾಗಿ ಆಯಿತು. ನಿದ್ದೆ ಮಾತ್ರ ಆ ಕತ್ತರಿಯ ಜೊತೆಗೇ ಎಲ್ಲೋ ಹೋಯಿತು. ಎರಡು ರಾತ್ರಿ ರೆಪ್ಪೆ ಕೂಡಲಿಲ್ಲ. ಮೂರನೆಯ ದಿನ ಮೌನೇಶ ಪಟ್ಟಿ ಬದಲಿಸಲು ಹೋದಾಗ ಅವಳು ಅವನ ಅಂಗಿ ಹಿಡಿದು ಕೇಳಿದಳು:

“ಕಂಡಕ್ಟ್ರು, ಹೊಸಳ್ಳಿ ಬಂತೇನಪ್ಪ? ಎಷ್ಟೊತ್ತಾತು ಕುಂತು!”

ಅವನು ನಕ್ಕುಬಿಟ್ಟ. ಮುದುಕಿ ಹಾಸ್ಯ ಮಾಡುತ್ತಿದ್ದಾಳೆ ಎಂದುಕೊಂಡ. ಅಷ್ಟರಲ್ಲಿ ಅವಳು ಗ್ಲುಕೋಸಿನ ನಳಿಕೆಯನ್ನು ಬಸ್ಸಿನ ಗಂಟೆಯ ಹಗ್ಗವೆಂದು ತಿಳಿದು ಜಗ್ಗಿದಳು. ರಕ್ತ ಚಿಮ್ಮಿತು. “ನಿಲ್ಸು, ಇಳಿತೀನಿ ನಿಲ್ಸು!” ಎಂದು ಮಂಚದಿಂದ ಕಾಲು ಕೆಳಗಿಳಿಸಲು ಹೊರಟಳು. ಮೌನೇಶನೂ ಮಗಳು ಭರಮಮ್ಮನೂ ಸೇರಿ ಒತ್ತಿ ಹಿಡಿದರು. ಮಗಳ ಮುಖ ನೋಡಿ ಮುದುಕಿ, “ಈಕಿ ಯಾರು? ಸೀಟು ಬಿಡಾಕ ಹೇಳು,” ಎಂದಳು.

ಮೌನೇಶ ಹೋಗಿ ಡಾಕ್ಟರನ್ನು ಕರೆತಂದ.

“ಇವತ್ತು ನಿದ್ದಿ ಮಾಡಸ್ಬೇಕು,” ಎಂದರು ಡಾಕ್ಟರು. “ಇಲ್ಲಂದ್ರ ಆಕಿ ಯಾವುದೋ ಹೊತ್ತಿನ್ಯಾಗ ಬಸ್ಸು ಇಳದೇ ಇಳಿತಾಳ. ಎಲುಬೂ ಹೋಗ್ತತಿ, ಬುದ್ಧಿನೂ ಹೋಗ್ತತಿ. ಮಿಷನ್ ಹಚ್ಚು.”

ಅಂದು ಸಂಜೆ ಆರೂವರೆಗೆ ಮೌನೇಶ ಡಬ್ಬಿ ತಂದ. ಭರಮಮ್ಮ ವೈರು ನೋಡಿದ್ದೇ ಎದ್ದು ನಿಂತಳು. ನಲವತ್ತರ ಗಟ್ಟಿ ಹೆಂಗಸು. ಗಂಡ ಸತ್ತ ಮೇಲೆ ತವರಲ್ಲೇ ಇದ್ದಳು.

“ಇದು ಕರೆಂಟ್ ಅಲ್ಲೇನಣ್ಣ? ಕರೆಂಟ್ ಕೊಡಾದು ಹುಚ್ಚರಿಗಲ್ಲ?”

“ಅಯ್ಯೋ, ಅದಲ್ಲಕ್ಕ. ಇದು ಬ್ಯಾಟ್ರಿದು. ಕೂಸಿನ ಬೆನ್ನು ತಟ್ಟಿದಂಗ, ನರಕ್ಕ ತಟ್ಟತೈತಿ. ಅಷ್ಟ.”

“ಬ್ಯಾಟ್ರಿದಾದ್ರೂ ಕರೆಂಟ್ ಕರೆಂಟ ಅಲ್ಲೇನು?”

ಡಾಕ್ಟರು ಹೇಳಿದ್ದಾರೆ ಎಂದ. ಅವಳು ಪಕ್ಕಕ್ಕೆ ಸರಿದಳು. ಮುದುಕಿಯ ಕೈಬಳೆ ಮೇಲೆ ಸರಿಸಿ, ಹಸಿರು ಹಚ್ಚೆಯ ಪಕ್ಕದಲ್ಲಿ ಪ್ಯಾಡು ಅಂಟಿಸಿ, ಗುಂಡಿ ಒತ್ತಿದ. ಸ್ಟೂಲು ಎಳೆದು ಕೂರುವಷ್ಟರಲ್ಲಿ ಭರಮಮ್ಮ ಮೆಲ್ಲಗೆ ಹೇಳಿದಳು: “ನೀವು ಪರದಿ ಆಕಡಿ ಕುಂದರ್ರಣ್ಣ. ಗಂಡಸ್ರು ಮುಂದ ಕುಂತ್ರ ಅವ್ವಗ ನಿದ್ದಿ ಹತ್ತಂಗಿಲ್ಲ.”

ಮಾತು ಸರಿಯಾಗಿತ್ತು. ಮೌನೇಶ ಸ್ಟೂಲನ್ನು ಪರದೆಯಾಚೆ ಹಾಕಿಕೊಂಡ. ಎರಡು ನಿಮಿಷಕ್ಕೆ ‘ಕೀಂ’ ಎಂದಿತು.

“ಏನಾತಕ್ಕ?”

“ಬಿದ್ದಿತ್ತಣ್ಣ. ಅಂಟಿಸಿದೆ.”

ಸದ್ದು ನಿಂತಿತ್ತು. ಪರದೆಯ ಬಟ್ಟೆಯೊಳಗಿಂದ ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು. ಒಳಗೆ ಭರಮಮ್ಮ ತಾಯಿಯ ಜೊತೆ ಏನೋ ಗುಜುಗುಜು ಮಾತಾಡುತ್ತಿದ್ದಳು. ಅರ್ಧ ಗಂಟೆಯಾದ ಮೇಲೆ ಅವಳೇ ಡಬ್ಬಿ ತಂದು ಕೊಟ್ಟಳು. “ಮಕ್ಕಂಡಾಳ,” ಎಂದಳು, ನಂಬಲಾರದವಳಂತೆ.

ಪುಸ್ತಕ ತೆಗೆದ ಮೌನೇಶನ ಪೆನ್ನು ಕೊನೆಯ ಕಾಲಮ್ಮಿನ ಹತ್ತಿರ ತಡೆಯಿತು. ‘ಪಕ್ಕದಲ್ಲಿ’ ಅಂದರೆ ಪರದೆಯ ಪಕ್ಕವೂ ಪಕ್ಕವೇ ಅಲ್ಲವೇ? ಬಹಳ ಹೊತ್ತು ಯೋಚಿಸಿ ಸಹಿ ಹಾಕಿದ. ಮರುದಿನ ಅಷ್ಟು ಹೊತ್ತು ಯೋಚಿಸಲಿಲ್ಲ. ಮೂರನೆಯ ದಿನ ಯೋಚಿಸಲೇ ಇಲ್ಲ.

ನಿದ್ದೆಯನ್ನು ಎಣಿಸುವ ಕೆಲಸ ರಾತ್ರಿಪಾಳಿಯ ನರ್ಸ್ ಹಂಪಕ್ಕನದು. ತಾಸಿಗೊಮ್ಮೆ ಬ್ಯಾಟರಿ ಬೆಳಕು ಬಿಟ್ಟು, ಕಣ್ಣು ಮುಚ್ಚಿದ್ದರೆ ಒಂದು ಗೆರೆ ಎಳೆಯುತ್ತಿದ್ದಳು. ಮೊದಲ ರಾತ್ರಿ ಆರು ಗೆರೆ. ಎರಡನೆಯ ರಾತ್ರಿ ಏಳು. “ತಾಯಿ ಸದ್ದಿಲ್ದಂಗ ಮಕ್ಕಂತಾಳ. ಮಗಳ ಗೊರಕಿಗೆ ಮಾತ್ರ ವಾರ್ಡಿನ ಗ್ವಾಡಿ ಅಳ್ಳಾಡ್ತಾವು,” ಎಂದು ನಕ್ಕಳು. ಮೌನೇಶನೂ ನಕ್ಕ. ಆ ಮಾತಿನೊಳಗೆ ಏನಿತ್ತೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮೂರನೆಯ ಬೆಳಿಗ್ಗೆ ಅಂಜಿನಕ್ಕ ಮಗಳನ್ನು ದಿಟ್ಟಿಸಿ ನೋಡಿ, “ಭರಮಿ, ತಲಿ ಬಾಚ್ಕಬಾರದೇನ? ದೆವ್ವ ಆಗಿ,” ಎಂದಳು. ಭರಮಮ್ಮ ಅಳುತ್ತ ನಕ್ಕಳು. ಬಸ್ಸು ಊರು ಮುಟ್ಟಿತ್ತು. ಮೌನೇಶ ಔಷಧಿ ಕೋಣೆಗೆ ಹೋಗಿ ಕಣ್ಣೊರೆಸಿಕೊಂಡ. ಸಂಜೆ ಕಲಿತವನ ಕೈಯಿಂದಲೂ ಇಂಥದ್ದೊಂದು ಆಯಿತಲ್ಲ!

ಡಾಕ್ಟರ ಸಂತೋಷಕ್ಕೆ ಎಲ್ಲೆಯಿರಲಿಲ್ಲ. ಮುಂದಿನ ಭಾನುವಾರ ಹೊಸಪೇಟೆಯಲ್ಲಿ ಡಾಕ್ಟರುಗಳ ಸಭೆಯಿತ್ತು. ಅಲ್ಲಿ ಈ ಪುಸ್ತಕವನ್ನು ಓದುವುದಾಗಿ ಹೇಳಿದರು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮಂಗಳವಾರದಿಂದ ಅವರು ಪಕ್ಕದ ಕೋಣೆಯ ಪಾಲಾಕ್ಷಪ್ಪನವರ ಗುಳಿಗೆ ನಿಲ್ಲಿಸಿ, ಅವರಿಗೂ ಇದೇ ಡಬ್ಬಿ ಹಚ್ಚಿಸಿದರು. ಹರಪನಹಳ್ಳಿಯ ನಿವೃತ್ತ ಮೇಷ್ಟ್ರು. ಅವರಿಗೂ ಅದೇ ಎಲುಬಿನ ಆಪರೇಷನ್. ಸಣ್ಣ ಗುಳಿಗೆಯಲ್ಲಿ ನಾಲ್ಕೈದು ತಾಸು ಮಲಗುತ್ತಿದ್ದವರು.

“ಇರುವಿ ಹರದಾಡಿದಂಗ ಆಗ್ತತಿ ಮೌನೇಶಪ್ಪ. ಒಂದೊಂದ ಎಣಿಸ್ಕೋತ ಎಚ್ಚರ ಇರ್ತೀನಿ,” ಎಂದರು ಮೇಷ್ಟ್ರು. “ಆ ಗುಳಿಗಿನೇ ಕೊಡ್ರಪ್ಪ.”

“ಅಂಜಿನಕ್ಕಗ ಬಂತು ಸರ್. ನಿಮಗೂ ಬರ್ತತಿ. ತಾಳ್ರಿ.”

ಅವರ ಪಕ್ಕ ಮೌನೇಶ ಅರ್ಧ ಗಂಟೆಯೂ ಕೂತೇ ಇದ್ದ. ಮೊದಲ ರಾತ್ರಿ ಎರಡು ಗೆರೆ. ಎರಡನೆಯ ರಾತ್ರಿ ಒಂದು. ಮೂರನೆಯ ರಾತ್ರಿ ಒಂದೂ ಇಲ್ಲ. ಶುಕ್ರವಾರ ಮೇಷ್ಟ್ರು ಗೋಡೆಯ ಕಡೆ ತಿರುಗಿ, “ಎರಡನೇ ಬೆಂಚು, ಯಾಕ ಗದ್ದಲ?” ಎಂದರು. ಮೌನೇಶ ಡಾಕ್ಟರಿಗೆ ತಿಳಿಸಿದ. ಈ ದಾರಿಯನ್ನು ಅವನು ಒಮ್ಮೆ ನೋಡಿದ್ದ.

ಡಾಕ್ಟರು ಮಾತ್ರ ಅಂಜಿನಕ್ಕನ ಗೆರೆಗಳನ್ನು ತೋರಿಸಿ, “ಇನ್ನೆರಡು ದಿನ ನೋಡಾಣ,” ಎಂದರು.

ಶನಿವಾರ ಬೆಳಿಗ್ಗೆ ಅಂಜಿನಕ್ಕ ಮನೆಗೆ ಹೊರಡುವ ದಿನ. ಸಭೆಯಲ್ಲಿ ಕೇಳಬಹುದು, ಪ್ಯಾಡು ಅಂಟಿಸಿದಲ್ಲಿ ಚರ್ಮ ಕೆಂಪಾಗಿದೆಯೇ ನೋಡಿ ಬರೆ ಎಂದು ಡಾಕ್ಟರು ಹೇಳಿದ್ದರು. ಮೌನೇಶ ಮುದುಕಿಯ ಕೈ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದ. ಒಣ ಚರ್ಮ, ಹಸಿರು ಹಚ್ಚೆ. ಚುಕ್ಕೆಯಷ್ಟೂ ಕೆಂಪಿಲ್ಲ. ಮೇಷ್ಟ್ರ ಕೈಮೇಲೆ ನಾಲ್ಕೇ ದಿನಕ್ಕೆ ಗುರುತು ಮೂಡಿತ್ತು. ಇವಳದು ಗಟ್ಟಿ ಚರ್ಮ ಎಂದುಕೊಂಡು ಪುಸ್ತಕದಲ್ಲಿ ‘ಏನೂ ಇಲ್ಲ’ ಎಂದು ಬರೆಯತೊಡಗಿದ.

“ಚಾ ತಗಳ್ರಣ್ಣ. ಹೋಗಾ ಮುಂದ ಒಂದು ಗುಟುಕು ನಮ್ಮ ಕೈಲೆ ಕುಡೀರಿ,” ಎಂದು ಭರಮಮ್ಮ ಎಡಗೈಯಲ್ಲಿ ಲೋಟ ಚಾಚಿದಳು. ಬಲಗೈಯಲ್ಲಿ ಬಟ್ಟೆಗಂಟಿತ್ತು.

ಬಳೆಯಿಲ್ಲದ ಬೋಳು ಕೈ. ಮಣಿಕಟ್ಟಿನಿಂದ ಎರಡು ಬೆರಳು ಮೇಲೆ, ಒಂದರ ಮೇಲೊಂದು, ಅಚ್ಚು ಒತ್ತಿದಂತೆ ಎರಡು ಕೆಂಪು ಚೌಕ.

ಮೌನೇಶ ಲೋಟ ಹಿಡಿಯಲಿಲ್ಲ. ಅವಳು ಬಿಟ್ಟಳು. ಚಹಾ ನೆಲಕ್ಕೆ ಚೆಲ್ಲಿ ಲೋಟ ಉರುಳುತ್ತ ಮಂಚದ ಕೆಳಗೆ ಹೋಯಿತು. ಇಬ್ಬರೂ ಅದನ್ನು ನೋಡಲಿಲ್ಲ. ಅವನು ಅವಳ ಕೈಯನ್ನು ನೋಡುತ್ತಿದ್ದ. ಅವಳು ಅವನು ನೋಡುವುದನ್ನು ನೋಡುತ್ತಿದ್ದಳು. ಸೆರಗು ಎಳೆದು ಕೈ ಮುಚ್ಚಿಕೊಂಡಳು.

“ಭರಮಕ್ಕ... ಇದೇನು?”

ಅವಳು ಅವನನ್ನು ಬಾಗಿಲಾಚೆಗೆ ಕರೆದಳು.

“ಬೈಬ್ಯಾಡ್ರಣ್ಣ. ನನ್ನ ಗಂಡ ಹೆಂಗ ಹೋದ ಅಂತ ನಿಮಗ ಗೊತ್ತಿಲ್ಲ. ಬಾವಿ ಮೋಟ್ರಿನ ಸ್ಟಾರ್ಟರ್ ಮುಟ್ಟಿದ. ಅದು ಬಿಡಲಿಲ್ಲ. ನಾ ನಾಕು ಮಾರು ದೂರದಾಗ ನಿಂತಿದ್ದೆ. ಮುಟ್ಟಬ್ಯಾಡ, ಮುಟ್ಟಬ್ಯಾಡ ಅಂತ ಎಲ್ಲಾರು ಒದರಿದ್ರು. ನಾ ಮುಟ್ಟಲಿಲ್ಲ. ನೋಡಿಕೋತ ನಿಂತೆ. ನಾಕು ವರ್ಷ ಆತು.”

“ಹಂಗಾರ ಬ್ಯಾಡ ಅನ್ನಬೇಕಿತ್ತಲ್ಲಕ್ಕ!”

“ಡಾಕ್ಟ್ರಿಗೆ ಬ್ಯಾಡ ಅನ್ನಾಕ ನಾವ್ಯಾರು? ಹಂಗಾರ ಕರ್ಕಂಡು ಹೋಗು ಅಂದ್ರ? ಅವತ್ತು ಅವ್ವನ ಕೈಯಿಂದ ಕಿತ್ತೆ. ಅದು ಕೀಂ ಅಂತು, ನೀವು ಕೂಗಿದ್ರಿ. ಯಾರದಾರ ಕೈ ಬೇಕಿತ್ತು ಅದಕ್ಕ. ನನ್ನ ಕೈ ಕೊಟ್ಟೆ.”

“ಒಂಬತ್ತೂ ದಿನಾನ?”

“ಒಂಬತ್ತೂ ದಿನ.”

ಮೌನೇಶ ಗೋಡೆಗೆ ಕೈ ಊರಿದ. ಅವನ ಮನಸ್ಸು ಮುಳುಗುವವನಂತೆ ಹುಲ್ಲುಕಡ್ಡಿ ಹುಡುಕುತ್ತಿತ್ತು. “ಅವ್ವನ ಕೈ ಹಿಡಕಂಡಿದ್ದಿ ಹೌದಲ್ಲ? ನಿನ್ನ ಮೈಯಿಂದ ಆಕಿ ಮೈಗೆ...”

“ಇಲ್ಲಣ್ಣ!” ಅವಳು ಬೆಚ್ಚಿಬಿದ್ದಳು. “ಕರೆಂಟ್ ಹಿಡಿದೋರನ್ನ ಮುಟ್ಟಬಾರದು. ವೈರು ಎಷ್ಟು ಉದ್ದ ಬಂತೋ ಅಷ್ಟು ದೂರ, ನೆಲದ ಮ್ಯಾಲ ಕುಂತಿದ್ದೆ. ಭಯ ಆಗ್ತಿತ್ತು, ಅದಕ್ಕ ಮಾತಾಡ್ತಿದ್ದೆ. ಬಾಯಿಗೆ ಬಂದದ್ದು. ಆತನ ಸುದ್ದಿ, ಎಮ್ಮಿ ಸುದ್ದಿ...” ತಲೆ ತಗ್ಗಿಸಿದಳು. “ಆಮ್ಯಾಲ ನನಗ ಎಂಥ ನಿದ್ದಿ ಬರ್ತಿತ್ತು ಅಂತೀರಿ! ಆತ ಹೋದಾಗಿಂದ ಅಂಥ ನಿದ್ದಿ ಕಂಡಿಲ್ಲ. ಅವ್ವನ್ನ ಕಾಯಾಕ ಬಂದಾಕಿ ಹೆಣದಂಗ ಮಕ್ಕಂತಿದ್ದೆ. ಅದಕ್ಕೂ ನಾಚಿಕಿ ಆಗಿ ಹೇಳಲಿಲ್ಲ.”

ಮೌನೇಶ ಹಿತ್ತಲಿನ ಬೇವಿನ ಗಿಡದ ಕೆಳಗೆ ಹೋಗಿ ನಿಂತ. ಒಂಬತ್ತು ಸಾಲು. ಒಂಬತ್ತು ಸಹಿ. ಒಂದು ಸಲವೂ ಅವನು ಪರದೆ ಸರಿಸಿರಲಿಲ್ಲ. ಆರಿಸಿದ ಒಲೆಯನ್ನು ನೋಡಲು ಅರ್ಧ ದಾರಿಯಿಂದ ತಿರುಗಿ ಬರುವವನು, ಮೂರು ಹೆಜ್ಜೆಯಾಚೆಯ ಕೈಯನ್ನು ನೋಡಿರಲಿಲ್ಲ. ನಾಳೆ ಆ ಸುಳ್ಳನ್ನು ಡಾಕ್ಟರು ಎದ್ದು ನಿಂತು ಓದುತ್ತಾರೆ.

ಹೇಳದಿದ್ದರೆ? ಹನ್ನೊಂದರ ಬಸ್ಸಿಗೆ ತಾಯಿ ಮಗಳು ಹೋಗುತ್ತಾರೆ. ಕೈಮೇಲಿನ ಚೌಕ ಎರಡು ದಿನಕ್ಕೆ ಮಾಯ. ಹೇಳಿದರೆ ಈ ಕೆಲಸವೂ ಉಳಿಯಲಿಕ್ಕಿಲ್ಲ. ‘ನಿನ್ನ ನಂಬಬೌದು ನೋಡು’ ಎಂಬ ಮಾತಂತೂ ಉಳಿಯದು. ಎರಡು ಹೆಜ್ಜೆ ಬಾಗಿಲ ಕಡೆ ಹಾಕಿದ, ಮತ್ತೆ ತಿರುಗಿದ.

ಆಗ ಪಕ್ಕದ ಕೋಣೆಯ ಕಿಟಕಿಯಿಂದ ಮೇಷ್ಟ್ರ ದನಿ ಕೇಳಿತು. ಹಾಜರಿ ಕೂಗುತ್ತಿದ್ದರು. ಒಂದೊಂದೇ ಹೆಸರು ಕೂಗಿ, ಉತ್ತರಕ್ಕೆ ಕಾದು, ಬರದಿದ್ದಾಗ, “ಗೈರು,” ಎನ್ನುತ್ತಿದ್ದರು. ಮಧ್ಯೆ ಒಮ್ಮೆ “ಪಾಲಾಕ್ಷಪ್ಪ” ಎಂದರು. ಕಾದರು. “ಗೈರು,” ಎಂದರು.

ಮೌನೇಶ ಓಡಿದ. ಡಾಕ್ಟರ ಕೋಣೆಯ ಬಾಗಿಲು ತಟ್ಟುವುದನ್ನೂ ಮರೆತು ಒಳಗೆ ನುಗ್ಗಿ, ಪುಸ್ತಕವನ್ನು ಮೇಜಿನ ಮೇಲಿಟ್ಟು, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಪರದೆ, ಸ್ಟೂಲು, ‘ಕೀಂ’, ಸಹಿ. ಯಾವುದನ್ನೂ ಬಿಡಲಿಲ್ಲ.

ಡಾಕ್ಟರು ಕನ್ನಡಕ ತೆಗೆದರು, ಹಾಕಿಕೊಂಡರು. “ಅಂದ್ರ, ಆ ಮಾಸ್ತರಿಗೆ ನಾನು ಯಾರ ನಿದ್ದಿ ತೋರಿಸಿ ಗುಳಿಗಿ ನಿಲ್ಲಿಸಿದೆ ಲೇ?” ಎಂದರು ಕೊನೆಗೆ. ಬೈಗುಳವಾಗಿದ್ದರೆ ಸಹಿಸಬಹುದಿತ್ತು, ಅದು ನಿಜವಾದ ಪ್ರಶ್ನೆಯಾಗಿತ್ತು. ಅವರು ಎದ್ದವರೇ ಮೊದಲು ಮೇಷ್ಟ್ರ ಕೋಣೆಗೆ ಹೋಗಿ ಡಬ್ಬಿಯನ್ನು ಎತ್ತಿಡಿಸಿ, ಹಳೆಯ ಗುಳಿಗೆಯನ್ನೇ ಚೀಟಿಯಲ್ಲಿ ಬರೆದರು. ಆಮೇಲೆ ಅಂಜಿನಕ್ಕನ ಮುಂದೆ ಹೋಗಿ ನಿಂತರು. ಹಿಂದೆ ಮೌನೇಶ. ಮೂಲೆಯಲ್ಲಿ, ಸೆರಗಿನೊಳಗೆ ಕೈ ಬಚ್ಚಿಟ್ಟುಕೊಂಡ ಭರಮಮ್ಮ.

“ಅಜ್ಜಿ, ಖರೇ ಹೇಳು. ರಾತ್ರಿ ನಿದ್ದಿ ಬರ್ತಿತ್ತೇನು?”

ಮುದುಕಿ ಮೂವರ ಮುಖವನ್ನೂ ನೋಡಿದಳು. “ಗೊತ್ತಾತೇನು ನಿಮಗ?” ಎಂದಳು.

“ಯವ್ವಾ! ನಿನಗ ಗೊತ್ತಿತ್ತಾ?” ಎಂದಳು ಭರಮಮ್ಮ.

“ಮುರಿದಿದ್ದು ಕಾಲು ಭರಮಿ, ಕಣ್ಣಲ್ಲ. ನೀ ಅಲ್ಲಿ ಕುಂತು ಕೈಗೆ ಅಂಟಿಸ್ಕಂಡು ಎಮ್ಮಿ ಪುರಾಣ ಹೇಳತಿದ್ದಿ. ಆಮ್ಯಾಲ ಚಾಪಿ ಮ್ಯಾಲ ಬಿದ್ದಾಕಿ ಗೊರಕಿ ಹೊಡದಿ. ಅಳಿಯ ಹೋದಾಗಿಂದ ನಿನ್ನ ಗೊರಕಿ ನಾ ಕೇಳಿದ್ದಿಲ್ಲ. ಅತ್ತಾಗಿತ್ತಾಗ ಹೊಳ್ಳಿದ್ರ ಎದ್ದುಬಿಡ್ತಾಳ ಅಂತ ಉಸುರು ಹಿಡಕಂಡು ಬಿದ್ದಿದ್ದೆ. ಈ ನರ್ಸವ್ವ ಬ್ಯಾಟ್ರಿ ಬಿಟ್ಟಾಗೆಲ್ಲ ಕಣ್ಣು ಗಟ್ಟಿ ಮುಚ್ಚತಿದ್ದೆ.”

ಮೌನೇಶ ಡಾಕ್ಟರ ಮುಖ ನೋಡಿದ. ಹಾಗಾದರೆ ಹಂಪಕ್ಕನ ಗೆರೆಗಳೂ?

“ಅವತ್ತು ನೀನು ಬಸ್ಸಿನ್ಯಾಗ ಇದ್ದಿ ಅಜ್ಜಿ,” ಎಂದರು ಡಾಕ್ಟರು, ದನಿ ತಗ್ಗಿಸಿ. “ಮಗಳ ಗುರ್ತು ಸುದ್ದಾ ಇರಲಿಲ್ಲ.”

“ಬಸ್ಸಿನ್ಯಾಗ ಇದ್ರೇನು? ಪಕ್ಕದ ಸೀಟಿನಾಗ ಯಾರೋ ಭಾಳ ದಣಿದಾಕಿ ಮಕ್ಕಂಡಾಳ, ಎಬ್ಬಿಸಬಾರದು ಅನಿಸ್ತು. ಯಾರು ಅಂತ ಆಮ್ಯಾಲ ಗೊತ್ತಾತು.”

“ಎಷ್ಟು ರಾತ್ರಿ ಹಂಗ?”

“ಎಣಿಸಿಲ್ಲಪ್ಪ. ಎರಡಿದ್ದಾವು, ಮೂರಿದ್ದಾವು. ಸುಳ್ಳಿಗೆ ಮುಚ್ಚಿದ ಕಣ್ಣು ಯಾವಾಗ ಖರೇನ ಮುಚ್ಚಿದ್ವೊ ನನಗ ಹೆಂಗ ಗೊತ್ತಾಗಬೇಕು?”

ಭರಮಮ್ಮ ನಿಧಾನವಾಗಿ ಬಂದು ಮಂಚದ ಅಂಚಿಗೆ ಕೂತು, ಒಂಬತ್ತು ಸಂಜೆ ಮುಟ್ಟದ ತಾಯಿಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. “ಬಿಡ, ಬಸ್ಸು ಹೋಗ್ತತಿ,” ಎಂದಳು ಮುದುಕಿ. ಬಿಡಿಸಿಕೊಳ್ಳಲಿಲ್ಲ.

ಅವರು ಹೋದ ಮೇಲೆ ಡಾಕ್ಟರು ಪುಸ್ತಕವನ್ನು ಮೌನೇಶನ ಮುಂದೆ ತಳ್ಳಿದರು. “ನೀನೇ ಬರಿ,” ಎಂದರು. ಅವನು ಒಂಬತ್ತು ಸಾಲಿನ ಮೇಲೂ ಗೆರೆ ಎಳೆದು ಕೆಳಗೆ ಬರೆದ: ‘ಪ್ಯಾಡು ಮಗಳ ಕೈಮೇಲಿತ್ತು. ನಾನು ಪಕ್ಕದಲ್ಲಿರಲಿಲ್ಲ, ಪರದೆಯಾಚೆ ಇದ್ದೆ.’ ಸಹಿ ಹಾಕಿದ. ಆ ಪುಸ್ತಕದಲ್ಲಿ ಅಂಜಿನಕ್ಕನ ಹೆಸರಿನ ಕೆಳಗೆ ಅವನು ಹಾಕಿದ ಸತ್ಯದ ಸಹಿ ಅದೊಂದೇ. ಕೆಲಸ ಹೋಗಲಿಲ್ಲ. ನಂಬುತ್ತೇನೆ ಎಂಬ ಮಾತನ್ನು ಮಾತ್ರ ಡಾಕ್ಟರು ಮತ್ತೆ ಆಡಲಿಲ್ಲ. ಭಾನುವಾರ ಅವರು ಹೊಸಪೇಟೆಗೆ ಬರಿಗೈಯಲ್ಲಿ ಹೋಗಿ, ಉಳಿದವರ ಮಾತು ಕೇಳಿ ಬಂದರು. ಮೇಷ್ಟ್ರು ಶನಿವಾರ ನಾಲ್ಕು ತಾಸು ಮಲಗಿದರು. ಬುಧವಾರದ ಹೊತ್ತಿಗೆ ಹಾಜರಿ ಕೂಗುವುದನ್ನು ಬಿಟ್ಟು ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದು ಜಗಳ ತೆಗೆದರು.

ಆ ಯಂತ್ರ ಕೆಲಸ ಮಾಡುತ್ತದೆಯೋ ಇಲ್ಲವೋ ಈ ಕತೆಯಿಂದ ತಿಳಿಯುವುದಿಲ್ಲ. ಭರಮಮ್ಮನಿಗೆ ನಿದ್ದೆ ತಂದದ್ದು ನರಕ್ಕೆ ತಟ್ಟಿದ ಬ್ಯಾಟರಿಯೋ, ನಾಲ್ಕು ವರ್ಷದ ಮಾತನ್ನು ಒಂಬತ್ತು ಸಂಜೆ ಹೊರಹಾಕಿದ್ದೋ ಗೊತ್ತಿಲ್ಲ. ಅಂಜಿನಕ್ಕ ಒಂಬತ್ತರಲ್ಲಿ ಎಷ್ಟು ರಾತ್ರಿ ಮಲಗಿದ್ದಳು, ಎಷ್ಟು ರಾತ್ರಿ ಮಲಗಿದಂತೆ ಬಿದ್ದಿದ್ದಳು, ಅದೂ ಗೊತ್ತಿಲ್ಲ.